ಅತಿಥಿ ಬಂದು ಹೋದ ಮೇಲೆ

1936ರಲ್ಲಿ ಗಾಂಧೀಜಿ ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಮಾತಾಡಿದ್ದು ಹಿಂದಿಯಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸಿ ಸಭೆಗೆ ಹೇಳುವ ಕೆಲಸವನ್ನು ಶಾಲೆಯವರು ಒಬ್ಬ ವಿದ್ಯಾರ್ಥಿಗೆ ಒಪ್ಪಿಸಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆಯ ಹುಡುಗ ಅವನು. ಹೈಸ್ಕೂಲು ಓದಲೇಬೇಕೆಂಬ ಹಟದಲ್ಲಿ ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವನು.

ಅವನೇ ಮುಂದೆ ನಾಡೆಲ್ಲ ‘ಎಚ್ಚೆನ್’ ಎಂದು ಕರೆದ ಡಾ. ಎಚ್. ನರಸಿಂಹಯ್ಯ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಆಮೇಲೆ ಭೌತವಿಜ್ಞಾನದ ಮೇಷ್ಟ್ರಾದರು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಉಟ್ಟ ಖಾದಿಯನ್ನೂ ಇದ್ದ ಹಾಸ್ಟೆಲ್ ಕೋಣೆಯನ್ನೂ ಮಾತ್ರ ಬದಲಿಸಲಿಲ್ಲ. ಇಷ್ಟೆಲ್ಲ ಆ ಒಂದೇ ದಿನದಿಂದ ಆಯಿತು ಎಂದರೆ ಅವರ ಮೇಷ್ಟ್ರುಗಳಿಗೂ ಅವರ ಸ್ವಂತ ದುಡಿಮೆಗೂ ಅನ್ಯಾಯ ಮಾಡಿದಂತೆ. ಆದರೂ ಆ ದಿನದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದೇಶದ ಅತಿ ದೊಡ್ಡ ಅತಿಥಿ ಶಾಲೆಗೆ ಬಂದಾಗ ಒಬ್ಬ ಹುಡುಗನಿಗೆ ಅಲ್ಲಿ ಕೆಲಸವಿತ್ತು. ಬೇರೆಯವರ ಮಾತನ್ನು ತನ್ನ ಭಾಷೆಗೆ ತರಬೇಕಾದವನು ಅದನ್ನು ಮೊದಲು ಅರ್ಥ ಮಾಡಿಕೊಳ್ಳಲೇಬೇಕು.

ಪ್ರೌಢಶಾಲೆಗಳಿಗೆ ಸಾಧಕರನ್ನು ಕರೆಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕರೆಸುವ ಉತ್ಸಾಹವೂ ಕಡಿಮೆಯಾಗಿಲ್ಲ. ಕಡಿಮೆಯಾಗಿರುವುದು ಮಕ್ಕಳಿಗೆ ಅಲ್ಲಿರುವ ಕೆಲಸ. ಹತ್ತೂವರೆಗೆಂದು ಕರೆದ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಗುತ್ತದೆ. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳೆಲ್ಲ ಅಷ್ಟು ಹೊತ್ತಿಗೆ ಷಾಮಿಯಾನದ ಕೆಳಗೆ ಸಾಲಾಗಿ ಕೂತು ಒಂದು ಗಂಟೆಯಾಗಿರುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ವೇದಿಕೆಯ ಮೇಲಿರುವ ಪ್ರತಿಯೊಬ್ಬರಿಗೂ ಶಾಲು ಮತ್ತು ಹಾರ. ಎಸ್‌ಡಿಎಂಸಿ ಅಧ್ಯಕ್ಷರು, ಪಂಚಾಯಿತಿ ಸದಸ್ಯರು, ಬೆಂಚು ಕೊಡಿಸಿದ ದಾನಿಗಳು ಎಲ್ಲರದೂ ಎರಡೆರಡು ಮಾತು. ಮುಖ್ಯ ಅತಿಥಿಯ ಕೈಗೆ ಮೈಕ್ ಬರುವಾಗ ಬಿಸಿಯೂಟದ ಹೊತ್ತು. ಅವರು ಕಷ್ಟಪಟ್ಟು ಓದಿ, ತಂದೆತಾಯಿಗೆ ಕೀರ್ತಿ ತನ್ನಿ, ಮೊಬೈಲ್ ಬಿಡಿ ಎಂದು ಹೇಳಿ ಕೂರುತ್ತಾರೆ. ‘ಯಾರಾದರೂ ಪ್ರಶ್ನೆ ಕೇಳ್ತೀರಾ?’ ಎಂದಾಗ ಒಂದು ಕೈಯೂ ಏಳುವುದಿಲ್ಲ. ಬಂದವರು ಯಾರು, ಅವರು ಮಾಡಿದ ಕೆಲಸವೇನು ಎಂಬುದು ಮಕ್ಕಳಿಗೆ ಗೊತ್ತಾಗಿದ್ದು ಅರ್ಧ ಗಂಟೆಯ ಕೆಳಗೆ, ಅದೂ ನಿರೂಪಕರು ಓದಿದ ಪ್ರಶಸ್ತಿಗಳ ಪಟ್ಟಿಯಿಂದ. ಪ್ರಶ್ನೆ ಎಲ್ಲಿಂದ ಹುಟ್ಟಬೇಕು?

ಇದಕ್ಕೆ ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಇವುಗಳ ನಡುವೆ ಅತಿಥಿಯನ್ನು ಕರೆಸಿ ಸಭೆ ಮಾಡುವುದೇ ಅವರಿಗೆ ದೊಡ್ಡ ಕೆಲಸ. ಆ ಶ್ರಮವೆಲ್ಲ ಶಾಲು ಹೊದಿಸುವುದರಲ್ಲಿ ಮುಗಿದುಹೋಗುತ್ತದಲ್ಲ ಎಂಬುದು ನನ್ನ ಸಂಕಟ. ಯಾಕೆಂದರೆ ಸರಿಯಾಗಿ ನಡೆದ ಒಂದು ಭೇಟಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿಯಿದೆ. ಸಿ.ಎನ್.ಆರ್. ರಾವ್ ಬೆಂಗಳೂರಿನಲ್ಲಿ ಶಾಲೆಯ ಹುಡುಗನಾಗಿದ್ದಾಗ ಸರ್ ಸಿ.ವಿ. ರಾಮನ್ ಆ ಶಾಲೆಗೆ ಬಂದು ಮಾತಾಡಿದ್ದರು. ನೊಬೆಲ್ ಪಡೆದು ಒಂದೂವರೆ ದಶಕ ಕಳೆದಿದ್ದ ವಿಜ್ಞಾನಿ ಎಳೆಯ ಮಕ್ಕಳ ಮುಂದೆ ನಿಂತು ವಿಜ್ಞಾನ ಹೇಳಿದ ಆ ಭೇಟಿಯನ್ನು ರಾವ್ ಹಲವು ಸಲ ನೆನೆದಿದ್ದಾರೆ. ಹಾಗೆ ಕೇಳಿಸಿಕೊಂಡವರು ದೇಶದ ದೊಡ್ಡ ರಸಾಯನ ವಿಜ್ಞಾನಿಯಾದರು, 2014ರಲ್ಲಿ ಭಾರತರತ್ನ ಪಡೆದರು. ಪತ್ನಿ ಇಂದುಮತಿ ರಾವ್ ಅವರೊಡನೆ ತಾವೂ ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳುವ ಕೆಲಸಕ್ಕೆ ನಿಂತರು.

ರಾಮನ್ ಮಕ್ಕಳೊಡನೆ ಮಾತಾಡುವ ರೀತಿ ಹೇಗಿರುತ್ತಿತ್ತು ಎಂದು ಊಹಿಸಲು ಅವರ ಒಂದು ಪ್ರಸಿದ್ಧ ಉಪನ್ಯಾಸ ಸಾಕು. 1968ರ ಡಿಸೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ ಕಟ್ಟುತ್ತಿದ್ದ ಸಮುದಾಯ ವಿಜ್ಞಾನ ಕೇಂದ್ರದ ಶಂಕುಸ್ಥಾಪನೆಗೆ ಎಂಬತ್ತರ ರಾಮನ್ ಹೋಗಿದ್ದರು. ಆರಿಸಿಕೊಂಡ ವಿಷಯ ಆಕಾಶ ಏಕೆ ನೀಲಿ ಎಂಬುದು. ತಮ್ಮ ಬಿರುದು, ಬಹುಮಾನಗಳ ಕಡೆಗೆ ಅವರು ಹೋಗಲಿಲ್ಲ. ಕತ್ತೆತ್ತಿದರೆ ಯಾರಿಗಾದರೂ ಕಾಣುವ ಒಂದು ನೋಟವನ್ನು ಹಿಡಿದುಕೊಂಡು, ಪ್ರಶ್ನೆಯ ಹಿಂದೆ ಪ್ರಶ್ನೆ ಹಾಕುತ್ತಾ, ಬೆಳಕು ಮತ್ತು ಗಾಳಿಯ ಅಣುಗಳವರೆಗೆ ಕೇಳುಗರನ್ನು ಕರೆದೊಯ್ದರು. ಸಾಧಕರು ಶಾಲೆಗೆ ಬಂದಾಗ ಹೇಳಬೇಕಾದ್ದು ಇದನ್ನೇ. ತಾವು ಎಷ್ಟು ಎತ್ತರಕ್ಕೆ ಏರಿದೆವು ಎಂಬುದನ್ನಲ್ಲ, ತಮ್ಮನ್ನು ರಾತ್ರಿ ನಿದ್ದೆಗೆಡಿಸಿದ ಪ್ರಶ್ನೆ ಯಾವುದು ಎಂಬುದನ್ನು.

ಈ ಮಾತಿಗೆ ಸಂಶೋಧನೆಯ ಆಧಾರವೂ ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಶಿಯಾಡಾಂಗ್ ಲಿನ್-ಸೀಗ್ಲರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬ್ರಾಂಕ್ಸ್ ಮತ್ತು ಹಾರ್ಲೆಮ್‌ನ ಬಡ ಬಡಾವಣೆಗಳ ಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿ ಓದುತ್ತಿದ್ದ 402 ಮಕ್ಕಳನ್ನು ಮೂರು ಗುಂಪು ಮಾಡಿದರು. ಐನ್‌ಸ್ಟೈನ್, ಮೇರಿ ಕ್ಯೂರಿ, ಮೈಕೆಲ್ ಫ್ಯಾರಡೆ ಈ ಮೂವರ ಕಥೆಗಳನ್ನು ಎಲ್ಲರಿಗೂ ಓದಿಸಿದರು. ಒಂದು ಗುಂಪಿಗೆ ಕೊಟ್ಟದ್ದು ಅವರ ಪ್ರಯೋಗಗಳು ಕೈಕೊಟ್ಟ, ಲೆಕ್ಕ ತಪ್ಪಿದ, ಮತ್ತೆ ಮಾಡಿದ ಕಥೆ. ಇನ್ನೊಂದಕ್ಕೆ ಬಡತನ, ಅವಮಾನ, ಊರು ಬಿಡಬೇಕಾದ ಕಷ್ಟಗಳ ಕಥೆ. ಮೂರನೆಯ ಗುಂಪಿಗೆ ಬರೀ ಸಾಧನೆ, ಸಂಶೋಧನೆ, ಗೌರವಗಳ ವಿವರ. ಮೊದಲ ಎರಡು ಗುಂಪಿನ ಮಕ್ಕಳ ವಿಜ್ಞಾನದ ಅಂಕ ಏರಿತು, ಅದರಲ್ಲೂ ಹಿಂದುಳಿದಿದ್ದ ಮಕ್ಕಳದು ಹೆಚ್ಚಾಗಿ. ಬರೀ ಸಾಧನೆ ಓದಿದ ಗುಂಪಿನ ಅಂಕ ಮೊದಲಿಗಿಂತ ಇಳಿಯಿತು.

ಇಳಿಯಿತು ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಸಾಧಕರ ಪರಿಚಯ ಮಾಡಿಸಿದರೆ ಪ್ರಯೋಜನವಾಗದಿದ್ದರೂ ನಷ್ಟವಂತೂ ಇಲ್ಲ ಎಂದು ನಾವು ನಂಬಿಕೊಂಡಿದ್ದೇವೆ. ನಷ್ಟವೂ ಇದೆ. ಅವರು ಹುಟ್ಟಾ ಬುದ್ಧಿವಂತರು, ನಾನು ಹಾಗಲ್ಲ ಎಂಬ ತೀರ್ಮಾನಕ್ಕೆ ಹದಿನಾಲ್ಕರ ಹುಡುಗಿಯೊಬ್ಬಳು ಬಹಳ ಬೇಗ ಬಂದುಬಿಡುತ್ತಾಳೆ. ಗಣಿತದಲ್ಲಿ ಒಂದು ಸಲ ಕಡಿಮೆ ಅಂಕ ಬಂದರೆ ಅದೇ ಸಾಕ್ಷಿಯಾಗುತ್ತದೆ. ವೇದಿಕೆಯಲ್ಲಿ ಕೂತವರ ಜೀವನದಲ್ಲೂ ಒಂದು ಫೇಲಾದ ಪರೀಕ್ಷೆ, ವರ್ಷಗಟ್ಟಲೆ ಫಲ ಕೊಡದ ಪ್ರಯೋಗ, ತಿರಸ್ಕೃತವಾದ ಅರ್ಜಿ ಇದ್ದೇ ಇರುತ್ತದೆ. ಅದನ್ನು ಬಚ್ಚಿಟ್ಟು ಪ್ರಶಸ್ತಿಗಳನ್ನು ಮಾತ್ರ ಓದಿಸಿದರೆ ಮಕ್ಕಳ ದೃಷ್ಟಿಯಲ್ಲಿ ಅವರು ಬೇರೆಯೇ ಜಾತಿಯ ಮನುಷ್ಯರಾಗುತ್ತಾರೆ.

ಕೆನಡಾದ ಮನಶ್ಶಾಸ್ತ್ರಜ್ಞೆಯರಾದ ಪೆನೆಲೋಪ್ ಲಾಕ್‌ವುಡ್ ಮತ್ತು ಝೀವಾ ಕುಂದಾ 1997ರಲ್ಲೇ ಇದರ ಇನ್ನೊಂದು ಮುಖ ತೋರಿಸಿದ್ದರು. ಅಕೌಂಟೆನ್ಸಿ ಓದುವ ವಿದ್ಯಾರ್ಥಿಗಳಿಗೆ ಅದೇ ವಿಷಯದ ಕೊನೆಯ ವರ್ಷದಲ್ಲಿದ್ದ ಒಬ್ಬ ಅಪ್ರತಿಮ ವಿದ್ಯಾರ್ಥಿಯ ವಿವರ ಓದಿಸಿದರು. ಮೊದಲ ವರ್ಷದವರಿಗೆ ಹುರುಪು ಬಂತು, ಏಕೆಂದರೆ ಅವರಿಗೆ ಇನ್ನೂ ಕಾಲವಿತ್ತು. ತಾವೂ ಕೊನೆಯ ವರ್ಷದಲ್ಲಿದ್ದವರಿಗೆ ಆ ಹುರುಪು ಬರಲಿಲ್ಲ. ತನಗೂ ತಲುಪಲು ಸಾಧ್ಯ ಎಂದು ಅನಿಸಿದಾಗ ಮಾತ್ರ ಆದರ್ಶ ಕೆಲಸ ಮಾಡುತ್ತದೆ. ಹಾಗೆ ನೋಡಿದರೆ ಹೈಸ್ಕೂಲು ಇದಕ್ಕೆ ಹೇಳಿ ಮಾಡಿಸಿದ ವಯಸ್ಸು. ಪಿಯುಸಿಗೆ ವಿಜ್ಞಾನವೋ ಕಲೆಯೋ ವಾಣಿಜ್ಯವೋ, ಐಟಿಐಯೋ ಡಿಪ್ಲೊಮಾವೋ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಓದು ಮುಂದುವರಿಯುತ್ತದೋ ಇಲ್ಲವೋ ಎಂಬುದೇ ತೀರ್ಮಾನವಾಗಿರುವುದಿಲ್ಲ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಪ್ಯಾರಿಸ್ ಪ್ರದೇಶದ ಶಾಲೆಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗವನ್ನೂ ಹೇಳಬೇಕು. ವಿಜ್ಞಾನ ಓದಿ ಕೆಲಸ ಮಾಡುತ್ತಿರುವ ಮಹಿಳೆಯರು ತರಗತಿಗೆ ಬಂದು ಒಂದೇ ಒಂದು ಗಂಟೆ ಮಾತಾಡಿದರು. ಯಾವ ತರಗತಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ಹನ್ನೆರಡನೆಯ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿಯರಲ್ಲಿ ಗಂಡಸರೇ ತುಂಬಿದ್ದ ಕಠಿಣ ವಿಜ್ಞಾನ ಕೋರ್ಸುಗಳಿಗೆ ಸೇರುವವರು ಹೆಚ್ಚಾದರು. ಚಿಕ್ಕ ತರಗತಿಯವರ ಆಯ್ಕೆಯ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಒಂದು ಗಂಟೆಯ ಮಾತಿಗೆ ಇರುವ ಶಕ್ತಿಯೂ ಮಿತಿಯೂ ಇದರಲ್ಲಿ ಒಟ್ಟಿಗೇ ಕಾಣುತ್ತವೆ. ಇನ್ನೂ ಮುಖ್ಯವಾದ್ದು, ವಿಜ್ಞಾನದಲ್ಲಿ ಹೆಂಗಸರು ಎಷ್ಟು ಕಡಿಮೆ ಎಂದು ಒತ್ತಿ ಒತ್ತಿ ಹೇಳಿದವರಿಗಿಂತ, ಆ ಕೆಲಸ ಹೇಗಿರುತ್ತದೆ, ಅದರಲ್ಲಿ ಖುಷಿ ಏನಿದೆ ಎಂದು ಹೇಳಿದವರ ಮಾತು ಹೆಚ್ಚು ನಾಟಿತು.

ಇದಕ್ಕೆ ತೀರಾ ವಿರುದ್ಧವಾದ ಒಂದು ಚಾಳಿ ಈಚೆಗೆ ನಮ್ಮ ಶಾಲೆಗಳಲ್ಲಿ ಬೆಳೆಯುತ್ತಿದೆ. ಪ್ರೇರಣಾ ಭಾಷಣಕಾರರೆಂದು ಬರುವ ಕೆಲವರು ಮಕ್ಕಳಿಗೆ ಕಣ್ಣು ಮುಚ್ಚಲು ಹೇಳುತ್ತಾರೆ. ಹಿನ್ನೆಲೆಯಲ್ಲಿ ಸಂಗೀತ ಹಾಕುತ್ತಾರೆ. ನಿಮ್ಮ ಅಮ್ಮನ ಕೈ ನೋಡಿದ್ದೀರಾ, ನಿಮ್ಮಪ್ಪನ ಹರಿದ ಚಪ್ಪಲಿ ನೋಡಿದ್ದೀರಾ ಎಂದು ಶುರು ಮಾಡಿ ಇಡೀ ಸಭೆಯನ್ನು ಅಳಿಸುತ್ತಾರೆ. ಬಿಕ್ಕಿ ಬಿಕ್ಕಿ ಅಳುವ ಮಕ್ಕಳ ವಿಡಿಯೊ ಸಂಜೆಯೊಳಗೆ ಮೊಬೈಲುಗಳಲ್ಲಿ ಓಡಾಡುತ್ತದೆ. ನನಗೆ ಇದು ತಪ್ಪು ಎಂದೇ ತೋರುತ್ತದೆ. ಕೂಲಿ ಮಾಡುವ ಅಪ್ಪ ಅಮ್ಮನ ಕಷ್ಟ ಆ ಮಗುವಿಗೆ ಭಾಷಣಕಾರರಿಗಿಂತ ಚೆನ್ನಾಗಿ ಗೊತ್ತು. ಅಪ್ಪನೇ ಇಲ್ಲದ ಮಗುವೂ ಆ ಸಾಲಿನಲ್ಲಿ ಕೂತಿರುತ್ತದೆ. ಅಪರಾಧಿ ಭಾವ ಹುಟ್ಟಿಸಿ ಅಳಿಸುವುದರಿಂದ ಬೀಜಗಣಿತದ ಒಂದು ಲೆಕ್ಕವೂ ಸುಲಭವಾಗುವುದಿಲ್ಲ. ಮಕ್ಕಳ ಕಣ್ಣೀರನ್ನು ಚಿತ್ರೀಕರಿಸಿ ಹಂಚಲು ಯಾವ ಮುಖ್ಯೋಪಾಧ್ಯಾಯರೂ ಒಪ್ಪಬಾರದು.

ವೃತ್ತಿ ಮಾರ್ಗದರ್ಶನದ ಹೆಸರಿನಲ್ಲಿ ತಮ್ಮ ಕಾಲೇಜಿಗೋ ಕೋಚಿಂಗಿಗೋ ಮಕ್ಕಳನ್ನು ಸೆಳೆಯಲು ಬರುವವರದು ಇನ್ನೊಂದು ಬಗೆ. ಮಕ್ಕಳ ಹೆಸರು, ಪೋಷಕರ ಫೋನ್ ನಂಬರು ಬರೆಸಿಕೊಳ್ಳುವ ಅತಿಥಿಯನ್ನು ಗೇಟಿನಿಂದಲೇ ವಾಪಸು ಕಳಿಸಬೇಕು.

ಹಾಗಾದರೆ ಯಾರನ್ನು ಕರೆಸಬೇಕು? ಟಿ.ವಿ.ಯಲ್ಲಿ ಕಂಡವರೇ ಆಗಬೇಕಿಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಅವರಿಗೆ ಉತ್ತರಿಸಲಾಗಲಿಲ್ಲ. ತನಗಾದದ್ದು ತನ್ನೂರಿನ ಮಕ್ಕಳಿಗೆ ಆಗಬಾರದೆಂದು ಅವರು ತಮ್ಮ ಗಳಿಕೆಯಿಂದ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ನ್ಯೂಪಡ್ಪುವಿನಲ್ಲಿ ಸರ್ಕಾರಿ ಶಾಲೆ ಆಗುವಂತೆ ಮಾಡಿದರು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲಿ ನಡೆದು ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಅಂಥವರು ಹತ್ತನೆಯ ತರಗತಿಯ ಮಕ್ಕಳ ಮುಂದೆ ಕೂತು, ಶಾಲೆಗೆ ಜಾಗ ಮಂಜೂರಾಗಲು ಯಾರ ಹತ್ತಿರ ಹೋದೆ, ಅರ್ಜಿ ಯಾರಿಂದ ಬರೆಸಿದೆ, ಎಷ್ಟು ಸಲ ವಾಪಸು ಬಂದೆ ಎಂದು ಹೇಳಿದರೆ ಅದು ಪೌರನೀತಿಯ ಪಾಠವೇ. ಅದಕ್ಕೆ ದೊಡ್ಡ ವೇದಿಕೆ ಬೇಕಿಲ್ಲ. ಸದ್ದಿಲ್ಲದ ಒಂದು ಕೊಠಡಿ ಸಾಕು.

ಹೆಸರಾಂತ ಸಂಸ್ಥೆಗಳ ಪಕ್ಕದಲ್ಲೇ ಇರುವ ಶಾಲೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಹಾಸನದಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. ತಲೆಯ ಮೇಲೆ ಸುತ್ತುವ ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು ಅಲ್ಲಿದ್ದಾರೆ. ಬೆಂಗಳೂರಿಗೆ ಹತ್ತಿರದ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ಚಂದ್ರಯಾನದ, ಮಂಗಳಯಾನದ ಸಂಕೇತಗಳನ್ನು ಹಿಡಿದಿವೆ. ಎಚ್ಚೆನ್ ಅವರ ಗೌರಿಬಿದನೂರಿನ ಬಳಿ ರೇಡಿಯೊ ದೂರದರ್ಶಕವಿದೆ. ಇಲ್ಲೆಲ್ಲ ಕೆಲಸ ಮಾಡುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಡಿಪ್ಲೊಮಾ ಮಾಡಿದ ತಂತ್ರಜ್ಞರು, ಬಿ.ಎಸ್ಸಿ. ಮುಗಿಸಿದ ಹೆಣ್ಣುಮಕ್ಕಳು ಸಿಗುತ್ತಾರೆ. ನಿರ್ದೇಶಕರನ್ನೇ ಕರೆಸಬೇಕೆಂದು ವರ್ಷಗಟ್ಟಲೆ ಕಾಯುವುದಕ್ಕಿಂತ ಅಂಥ ಒಬ್ಬ ತಂತ್ರಜ್ಞೆ ಬಂದರೆ ಹೆಚ್ಚು ಉಪಯೋಗ. ಪ್ರತಿವರ್ಷ ಅಕ್ಟೋಬರ್ 4ರಿಂದ 10ರವರೆಗೆ ಬರುವ ವಿಶ್ವ ಅಂತರಿಕ್ಷ ಸಪ್ತಾಹ ಇದಕ್ಕೆ ಒಳ್ಳೆಯ ನೆಪ. ಇಸ್ರೊ ಕೇಂದ್ರಗಳೇ ಆಗ ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮ ನಡೆಸುತ್ತವೆ. ಕೇಂದ್ರ ಸರ್ಕಾರದ ‘ವಿಜ್ಞಾನ ಜ್ಯೋತಿ’ ಯೋಜನೆಯಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯ ಹೆಣ್ಣುಮಕ್ಕಳಿಗೆ ಮಹಿಳಾ ವಿಜ್ಞಾನಿಗಳೊಡನೆ ಮಾತುಕತೆಗೆ ಅವಕಾಶವಿದೆ. ಬಡಗಿ, ಕುಂಬಾರ, ತೋಟಗಾರ, ಕಲಾವಿದರಂಥ ಸ್ಥಳೀಯ ಕಸುಬುದಾರರ ಬಳಿ ಮಕ್ಕಳು ಚೀಲವಿಲ್ಲದೆ ಹತ್ತು ದಿನ ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅದು ಹೇಳುವುದು ಆರರಿಂದ ಎಂಟನೆಯ ತರಗತಿಯವರಿಗೆ. ಒಂಬತ್ತನೆಯವರಿಗೂ ಅದು ಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಸಲ ಬಂದು ಹೋಗುವುದಕ್ಕೂ ಮತ್ತೆ ಮತ್ತೆ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಪಂಚಾಯಿತಿಯ ಪ್ರಧಾನರ ಹುದ್ದೆ ಸತತ ಎರಡು ಅವಧಿಗೆ ಮಹಿಳೆಯರಿಗೆ ಮೀಸಲಾಗಿದ್ದ ಊರುಗಳಲ್ಲಿ ಹದಿಹರೆಯದ ಹುಡುಗಿಯರ ಓದಿನ ಆಸೆಗಳು ಏರಿದವು, ಓದಿನಲ್ಲಿ ಹುಡುಗರಿಗೂ ಅವರಿಗೂ ಇದ್ದ ಅಂತರ ಅಳಿಸಿಹೋಯಿತು. ಆ ಪ್ರಧಾನೆಯರು ಶಾಲೆಗೆ ಹೋಗಿ ಭಾಷಣ ಮಾಡಿದ್ದರಿಂದ ಆದದ್ದಲ್ಲ. ಹುಡುಗಿಯರ ಕಣ್ಣೆದುರಿಗೇ ವರ್ಷಗಟ್ಟಲೆ ಒಬ್ಬ ಹೆಂಗಸು ಊರಿನ ಕೆಲಸ ನಡೆಸುತ್ತಿದ್ದಳು, ಅಷ್ಟೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲೂ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗಂಡನ ನೆರಳಿಲ್ಲದೆ ಕೆಲಸ ಮಾಡುವ ಅಧ್ಯಕ್ಷೆ ಎಲ್ಲಿದ್ದಾರೋ ಅಲ್ಲಿನ ಹೈಸ್ಕೂಲಿಗೆ ಅವರಿಗಿಂತ ಒಳ್ಳೆಯ ಅತಿಥಿ ಇನ್ನಾರು?

ಮತ್ತೆ ಮತ್ತೆ ಕಾಣುವುದರ ಈ ಬೆಲೆಯನ್ನು ಎಚ್ಚೆನ್ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. 1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಬಂತೆಂದರೆ ಒಂದು ಉಪನ್ಯಾಸ. ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ವಾರಕ್ಕೊಮ್ಮೆ, ವರ್ಷಗಟ್ಟಲೆ, ತಪ್ಪದೆ ನಡೆಯುವ ಇಂಥ ಕೆಲಸಕ್ಕೂ ವಾರ್ಷಿಕೋತ್ಸವದ ದಿನ ಸಿಡಿಸುವ ಪಟಾಕಿಗೂ ಹೋಲಿಕೆಯೇ ಇಲ್ಲ.

ಹಳ್ಳಿಯ ಶಾಲೆಗೆ ಪ್ರತಿವಾರ ಅತಿಥಿಯನ್ನು ತರುವುದು ಆಗದ ಮಾತು. ತಿಂಗಳಿಗೊಮ್ಮೆ ಒಂದು ಶನಿವಾರ ಆಗುತ್ತದೆ. ಮುಖ್ಯವಾದ್ದು ಅತಿಥಿ ಬರುವ ಮುಂಚಿನ ವಾರ. ಅವರ ಕೆಲಸದ ಬಗ್ಗೆ ಒಂದು ಪುಟ ಮಾಹಿತಿಯನ್ನು ಶಿಕ್ಷಕರು ತರಗತಿಯಲ್ಲಿ ಓದಿ ಹೇಳಲಿ. ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಹೆಸರಿಲ್ಲದಿದ್ದರೆ ನಾಚಿಕೆಯ ಮಕ್ಕಳ ಪ್ರಶ್ನೆಯೂ ಹೊರಬರುತ್ತದೆ. ‘ನಿಮಗೆ ಸಂಬಳ ಎಷ್ಟು?’ ಎಂಬ ಚೀಟಿ ಖಂಡಿತ ಇರುತ್ತದೆ. ಅದನ್ನು ತೆಗೆದು ಬಿಸಾಡಬೇಡಿ. ಮನೆಯ ಸಾಲ, ತಂಗಿಯ ಓದು ತಲೆಯಲ್ಲಿರುವ ಹುಡುಗನಿಗೆ ಅದು ನ್ಯಾಯವಾದ ಪ್ರಶ್ನೆ, ಅತಿಥಿ ಅದಕ್ಕೆ ನೇರವಾಗಿ ಉತ್ತರ ಕೊಡಬೇಕು. ‘ಮದುವೆ ಮಾಡ್ತೀವಿ ಅಂದಾಗ ಮನೆಯಲ್ಲಿ ಹೇಗೆ ಒಪ್ಪಿಸಿದಿರಿ?’ ಎಂದು ಹುಡುಗಿಯೊಬ್ಬಳು ಬರೆದಿದ್ದರೆ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕು. ಯಾರ ಮನೆಯಲ್ಲಾದರೂ ಅಂಥ ಮದುವೆಯ ಮಾತು ನಡೆಯುತ್ತಿದೆಯೇ ಎಂದು ಆಮೇಲೆ ಆ ತರಗತಿಯ ಶಿಕ್ಷಕಿ ಎಚ್ಚರದಿಂದಲೂ ಇರಬೇಕು.

ಸಭೆಗೆ ಇಡೀ ಶಾಲೆ ಬೇಡ, ಒಂದು ತರಗತಿ ಸಾಕು. ನಿರೂಪಣೆ, ಪರಿಚಯ, ವಂದನೆ ಎಲ್ಲವೂ ಮಕ್ಕಳದಾಗಲಿ. ಅತಿಥಿ ಇಪ್ಪತ್ತು ನಿಮಿಷ ಮಾತಾಡಿ ಉಳಿದ ಹೊತ್ತೆಲ್ಲ ಪ್ರಶ್ನೆಗೆ ಬಿಡಲಿ. ಕೈಯಲ್ಲಿ ಏನಾದರೂ ತರಲಿ. ನರ್ಸ್ ಆದರೆ ಸ್ಟೆತಸ್ಕೋಪ್, ಸರ್ವೆಯರ್ ಆದರೆ ಊರಿನ ನಕಾಶೆ, ಅಥ್ಲೀಟ್ ಆದರೆ ಸವೆದ ಶೂ. ಇಂಗ್ಲಿಷ್ ಪದ ಬಂದಲ್ಲಿ ಮಕ್ಕಳಲ್ಲೇ ಒಬ್ಬರು ಎದ್ದು ಕನ್ನಡದಲ್ಲಿ ಹೇಳಲಿ. ಶಾಲು ಹಾರಗಳ ದುಡ್ಡಿನಲ್ಲಿ ಅತಿಥಿಯೇ ಆರಿಸಿದ ಒಂದು ಪುಸ್ತಕ ಗ್ರಂಥಾಲಯಕ್ಕೆ ಬರಲಿ. ಮಾರನೆಯ ವಾರ ಮಕ್ಕಳು ಅತಿಥಿಗೆ ಪತ್ರ ಬರೆಯಲಿ. ಕನ್ನಡ ಪಠ್ಯದಲ್ಲಿ ಪತ್ರಲೇಖನ ಹೇಗೂ ಇದೆ, ಕಾಲ್ಪನಿಕ ಮಿತ್ರನಿಗೆ ಬರೆಯುವ ಬದಲು ನಿಜವಾದ ಮನುಷ್ಯರಿಗೆ ಬರೆಯಬಹುದು. ಉತ್ತರ ಬಂದರೆ ನೋಟಿಸ್ ಬೋರ್ಡಿಗೆ ಅಂಟಿಸಿ.

ಇದನ್ನು ಓದುತ್ತಿರುವ ನೀವು ಯಾವುದೋ ಒಂದು ಊರಿನ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲಿನಲ್ಲಿ ಓದಿದವರಾಗಿರಬಹುದು. ಬೆಂಗಳೂರಿನಲ್ಲೋ ಪುಣೆಯಲ್ಲೋ ದುಬೈಯಲ್ಲೋ ಇರಬಹುದು. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಹೋಗುತ್ತೀರಿ. ಮುಂದಿನ ಸಲ ರಜೆಯ ದಿನಕ್ಕೆ ಹೋಗದೆ ಶಾಲೆ ನಡೆಯುವ ಒಂದು ದಿನ ಸೇರಿಸಿಕೊಂಡು ಹೋಗಿ. ಹದಿನೈದು ದಿನ ಮುಂಚೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಶಾಲು ಬೇಡ, ಒಂಬತ್ತನೆಯ ತರಗತಿಯೊಡನೆ ಎರಡು ಪೀರಿಯಡ್ ಕೊಡಿ ಎಂದು ಕೇಳಿ. ನೀವು ಫೇಲಾದ ಕಥೆಯನ್ನೂ ಹೇಳಿ. ಬರುವಾಗ ನಿಮ್ಮ ವಿಳಾಸವನ್ನು ಬೋರ್ಡಿನ ಮೇಲೆ ಬರೆದು ಬನ್ನಿ, ಪತ್ರ ಬಂದರೆ ವಾರದೊಳಗೆ ಉತ್ತರ ಬರೆಯಿರಿ.